ಮುದಿ ನಾಯಿಯ ಹೃದಯ: ಅನುಮಾನ ಬಂದ ದಿನದಿಂದ ಏನೇನು ಮಾಡಬೇಕು

ನಮ್ಮ ಪಿಂಕಿಗೆ 11 ವರ್ಷ ಆದಾಗ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ನಿಂತುಬಿಡುತ್ತಿದ್ದಳು. ವಯಸ್ಸಾಯ್ತಲ್ಲ, ಕಾಲು ನೋವಿರಬೇಕು ಅಂದುಕೊಂಡೆವು. ಆಮೇಲೆ ರಾತ್ರಿ ಹೊತ್ತು ಕೆಮ್ಮು ಶುರುವಾಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೆಮ್ಮಿ, ಕೊನೆಗೆ ಒಮ್ಮೆ ಓಕರಿಸಿ ಸುಮ್ಮನಾಗುತ್ತಿದ್ದಳು. ಅದನ್ನೂ ಕೆಲವು ವಾರ ಹಾಗೇ ಬಿಟ್ಟೆವು. ಕೊನೆಗೂ ಡಾಕ್ಟರ ಹತ್ತಿರ ಹೋದಾಗ ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಸ್ವಲ್ಪ ಹೊತ್ತು ಕೇಳಿ, "ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಾಳೆ?" ಅಂತ ಕೇಳಿದರು. ನಮಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ ಜೀವದ ಉಸಿರನ್ನು ಒಂದು ದಿನವೂ ಎಣಿಸಿರಲಿಲ್ಲ.

ನಿಮ್ಮ ನಾಯಿಗೂ ವಯಸ್ಸಾಗಿದೆ, ಏನೋ ಸರಿಯಿಲ್ಲ ಅನ್ನಿಸುತ್ತಿದೆ ಅಂದರೆ ಇವತ್ತು ರಾತ್ರಿಯಿಂದಲೇ ಆ ಎಣಿಕೆ ಶುರು ಮಾಡಿ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ನಾಯಿಯ ಹೃದಯಕ್ಕೆ ಆಗುವುದೇನು

ಹೃದಯದ ಕಾಯಿಲೆ ಅಂದ ಕೂಡಲೇ ನಮಗೆ ಹಾರ್ಟ್ ಅಟ್ಯಾಕ್ ನೆನಪಾಗುತ್ತದೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಆಗುವ ಆ ತೊಂದರೆ ನಾಯಿಗಳಲ್ಲಿ ಅಪರೂಪ. ಅವುಗಳಲ್ಲಿ ಜಾಸ್ತಿ ಕಾಣುವುದು ಕವಾಟ ಸವೆಯುವುದು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ಅನ್ನುವ ಕವಾಟವಿದೆ. ವಯಸ್ಸಾದಂತೆ ಅದರ ರೆಕ್ಕೆಗಳು ದಪ್ಪಗಾಗಿ, ಗಂಟುಗಂಟಾಗಿ, ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹೃದಯ ಒತ್ತಿದಾಗಲೆಲ್ಲ ಸ್ವಲ್ಪ ರಕ್ತ ಹಿಂದಕ್ಕೆ ಸೋರುತ್ತದೆ. ಡಾಕ್ಟರು 'ಮರ್ಮರ್ ಇದೆ' ಅನ್ನುವುದು ಈ ಸೋರಿಕೆಯ ಸದ್ದಿಗೆ. ವರ್ಷಗಟ್ಟಲೆ ಸೋರಿ ಸೋರಿ ಹೃದಯ ಹಿಗ್ಗುತ್ತದೆ. ಕೆಲವು ನಾಯಿಗಳಲ್ಲಿ ಕೊನೆಗೆ ಒತ್ತಡ ಹಿಂದಕ್ಕೆ ತಿರುಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದನ್ನೇ ಹಾರ್ಟ್ ಫೇಲ್ಯೂರ್ ಅನ್ನುವುದು. ಹೃದಯ ನಿಂತುಹೋಗುವುದು ಅಂತ ಅದರ ಅರ್ಥ ಅಲ್ಲ.

ಈ ಕವಾಟದ ಕಾಯಿಲೆ ಹೆಚ್ಚಾಗಿ ಬರುವುದು 20 ಕಿಲೋ ಒಳಗಿನ ಸಣ್ಣ ನಾಯಿಗಳಿಗೆ: ಡ್ಯಾಶ್‌ಹಂಡ್, ಪಾಮೆರೇನಿಯನ್, ಶಿಹ್ ತ್ಸು, ಚಿವಾವಾ, ಸಣ್ಣ ಜಾತಿಯ ಪೂಡಲ್, ಮಿಶ್ರ ತಳಿಯ ಸಣ್ಣ ನಾಯಿಗಳು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳಿಗಂತೂ ಬಹಳ ಚಿಕ್ಕ ವಯಸ್ಸಿಗೇ ಬರಬಹುದು. ಡೋಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ತರಹದ ದೊಡ್ಡ ನಾಯಿಗಳ ಕತೆ ಬೇರೆ. ಅವುಗಳಲ್ಲಿ ಹೃದಯದ ಸ್ನಾಯುವೇ ಸೋಲುತ್ತದೆ, ಅಥವಾ ಬಡಿತದ ಲಯ ತಪ್ಪುತ್ತದೆ. ಮರ್ಮರ್ ಮೆಲ್ಲಗಿರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ದೊಡ್ಡ ತಳಿಯ ನಾಯಿ ಸಾಕಿದವರು 'ಸದ್ದು ಏನೂ ಕೇಳಲಿಲ್ಲ' ಅಂದ ಮಾತ್ರಕ್ಕೆ ಸಮಾಧಾನ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರ್ಮರ್ ಇರುವ ಸಣ್ಣ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾರ್ಟ್ ಫೇಲ್ಯೂರ್ ಹಂತ ಬರುವುದೇ ಇಲ್ಲ. ಕವಾಟ ಸೋರುತ್ತಾ ಇದ್ದರೂ ಅವು ತಮ್ಮ ಪೂರ್ತಿ ಆಯುಷ್ಯ ಬದುಕುತ್ತವೆ. ಮರ್ಮರ್ ಅಂದ ದಿನವೇ ಎದೆ ಒಡೆದುಕೊಳ್ಳಬೇಡಿ.

ಹಂತ 1: ನಿದ್ದೆಯ ಉಸಿರು ಎಣಿಸಿ

ನಾಯಿ ಚೆನ್ನಾಗಿ ನಿದ್ದೆ ಮಾಡಿರಬೇಕು. ಎಚ್ಚರವಾಗಿ ಸುಮ್ಮನೆ ಮಲಗಿದ್ದರೆ ಲೆಕ್ಕ ಸರಿ ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರಂತೂ ಎಣಿಸಲೇಬೇಡಿ. ಕನಸು ಬಿದ್ದು ಕಾಲು ಅಲ್ಲಾಡಿಸುತ್ತಿದ್ದರೆ, ಕಣ್ಣುರೆಪ್ಪೆ ಅದುರುತ್ತಿದ್ದರೆ, ಅದು ಮುಗಿಯುವವರೆಗೆ ಕಾಯಿರಿ. ಕೋಣೆ ತುಂಬಾ ಬಿಸಿ ಇರಬಾರದು. ಪಕ್ಕೆ ನೋಡುತ್ತಾ ಕೂತುಕೊಳ್ಳಿ. ಎದೆ ಒಮ್ಮೆ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. ಮೇಲೇರಿದ್ದಕ್ಕೆ ಒಂದು, ಇಳಿದದ್ದಕ್ಕೆ ಒಂದು ಅಂತ ಎಣಿಸಿ ಸುಮ್ನೆ ಗಾಬರಿಯಾಗುವವರು ಬಹಳ ಜನ ಇದ್ದಾರೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಸಾಕು.

ಮೊದಲ ಒಂದು ವಾರ ದಿನಾ ಎಣಿಸಿ ತಾರೀಕಿನ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ನಾಯಿಯ ಮಾಮೂಲಿ ಸಂಖ್ಯೆ ಎಷ್ಟು ಅಂತ ಗೊತ್ತಾಗುತ್ತದೆ. ಆರೋಗ್ಯವಾಗಿರುವ ನಾಯಿಗೆ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರುತ್ತದೆ, ಬಹಳ ನಾಯಿಗಳಿಗೆ ಇನ್ನೂ ಸಾಕಷ್ಟು ಕಡಿಮೆ. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು, ಅದೇ ನಿದ್ದೆಯಲ್ಲಿ ಇನ್ನೊಮ್ಮೆ ಎಣಿಸಿ. ಮತ್ತೆ ದಾಟಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 40 ದಾಟಿದ್ದರೆ, ಅಥವಾ ಹೊಟ್ಟೆ ಒಳಗೆಳೆದುಕೊಂಡು ಕಷ್ಟಪಟ್ಟು ಉಸಿರಾಡುತ್ತಿದ್ದರೆ, ಫೋನ್ ಮಾಡುತ್ತಲೇ ಹೊರಡಿ.

ನನ್ನ ಅನುಭವದಲ್ಲಿ 30ರ ಗೆರೆಗಿಂತ ಏರುತ್ತಿರುವ ದಿಕ್ಕು ಮುಖ್ಯ. ಯಾವಾಗಲೂ 16, 18 ಇದ್ದದ್ದು ಮೂರು ದಿನದಿಂದ 25, 26 ಆಗಿದ್ದರೆ, ಗೆರೆ ದಾಟಿಲ್ಲವಾದರೂ ಡಾಕ್ಟರಿಗೆ ಹೇಳಿ. ಶ್ವಾಸಕೋಶದಲ್ಲಿ ನೀರು ಸೇರತೊಡಗಿದಾಗ ಕೆಮ್ಮಿಗಿಂತ, ಸುಸ್ತಿಗಿಂತ ಮೊದಲು ಬದಲಾಗುವುದು ಸಾಮಾನ್ಯವಾಗಿ ಈ ಉಸಿರೇ.

ಹಂತ 2: ಉಳಿದ ಲಕ್ಷಣ ಬರೆದಿಡಿ, ವಿಡಿಯೋ ತೆಗೆಯಿರಿ

ಕೆಮ್ಮು ನೋಡಿ ಮೋಸ ಹೋಗುವುದು ಸುಲಭ. ಮುದಿ ಸಣ್ಣ ನಾಯಿ ಕೆಮ್ಮುತ್ತಿದೆ, ಮರ್ಮರ್ ಕೂಡ ಇದೆ ಅಂದರೆ ಎಲ್ಲರೂ ಹೃದಯವನ್ನೇ ದೂರುತ್ತಾರೆ. ಆದರೆ ಅದೇ ವಯಸ್ಸಿನ ಅದೇ ಸಣ್ಣ ನಾಯಿಗಳಿಗೆ ಶ್ವಾಸನಾಳ ಕುಸಿಯುವ ತೊಂದರೆ, ಹಳೇ ಬ್ರಾಂಕೈಟಿಸ್ ಕೂಡ ಸಾಮಾನ್ಯ. ಖುಷಿಯಾದಾಗ, ಕುತ್ತಿಗೆಯ ಬೆಲ್ಟ್ ಎಳೆದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮಿದರೆ ಶ್ವಾಸನಾಳದ ಮೇಲೆ ಅನುಮಾನ ಜಾಸ್ತಿ. ಹೃದಯ ದೊಡ್ಡದಾಗಿ ಪಕ್ಕದ ಶ್ವಾಸನಾಳವನ್ನು ಒತ್ತಿದಾಗಲೂ ಕೆಮ್ಮು ಬರುತ್ತದೆ, ಆಗ ಶ್ವಾಸಕೋಶದಲ್ಲಿ ನೀರು ಇರಲೇಬೇಕು ಅಂತಿಲ್ಲ. ಕೆಮ್ಮು ಇದ್ದೂ ನಿದ್ದೆಯ ಉಸಿರು ಮಾಮೂಲಿಯಾಗಿದ್ದರೆ ಅದು ಡಾಕ್ಟರಿಗೆ ದೊಡ್ಡ ಸುಳಿವು. ನಿಮ್ಮ ಪುಸ್ತಕ ಕೆಲಸಕ್ಕೆ ಬರುವುದು ಇಲ್ಲೇ.

ತಲೆ ಸುತ್ತಿ ಬೀಳುವುದು ಇನ್ನೊಂದು. ಬಾಗಿಲಿಗೆ ಯಾರೋ ಬಂದರು ಅಂತ ಖುಷಿಯಲ್ಲಿ ಓಡಿದ ನಾಯಿ ಇದ್ದಕ್ಕಿದ್ದಂತೆ ಕುಸಿದು ಬಿದ್ದು, ಅರ್ಧ ನಿಮಿಷದಲ್ಲಿ ಎದ್ದು ಏನೂ ಆಗದ ಹಾಗೆ ಬಾಲ ಆಡಿಸಿದರೆ ಅದು ಹೃದಯದಿಂದ ಬಂದ ಮೂರ್ಛೆ ಇರಬಹುದು. ಫಿಟ್ಸ್ ಆದರೆ ಹೆಚ್ಚಾಗಿ ಸುಮ್ಮನೆ ಇದ್ದಾಗ ಬರುತ್ತದೆ, ಜೊಲ್ಲು ಸುರಿಯುತ್ತದೆ, ಕಾಲು ಬಡಿಯುತ್ತದೆ, ಎದ್ದ ಮೇಲೂ ತುಂಬಾ ಹೊತ್ತು ಮಂಕಾಗಿರುತ್ತದೆ. ಬರೀ ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಅದಕ್ಕೇ ವಿಡಿಯೋ. ಕೆಮ್ಮಿನದೂ ಒಂದು ವಿಡಿಯೋ ಇರಲಿ, ಏಕೆಂದರೆ ಕ್ಲಿನಿಕ್ಕಿಗೆ ಹೋದ ಕೂಡಲೇ ಯಾವ ನಾಯಿಯೂ ಕೆಮ್ಮುವುದಿಲ್ಲ, ಅಲ್ವಾ.

ಇವುಗಳ ಜೊತೆ ಬರೆದಿಡಬೇಕಾದದ್ದು:

- ನಡೆಯುವಾಗ ಮೊದಲಿಗಿಂತ ಬೇಗ ನಿಲ್ಲುವುದು, ಹಿಂದೆ ಬೀಳುವುದು
- ರಾತ್ರಿ ಜಾಗ ಬದಲಿಸುತ್ತಾ ಇರುವುದು, ಮಲಗದೆ ಕೂತೇ ಇರುವುದು
- ಹೊಟ್ಟೆ ಉಬ್ಬಿ ಬೆನ್ನು ಸೊರಗುವುದು. ದಪ್ಪ ಆಯ್ತು ಅಂತ ತಪ್ಪು ತಿಳಿಯುವವರಿದ್ದಾರೆ, ಒಳಗೆ ನೀರು ತುಂಬಿರಬಹುದು
- ಊಟ ಬೇಡ ಅನ್ನುವುದು. ವಾರಕ್ಕೊಮ್ಮೆ ತೂಕ ನೋಡಿ

ನಾಡಿ ನೋಡಲು ಹಿಂಗಾಲಿನ ತೊಡೆಯ ಒಳಭಾಗದಲ್ಲಿ ಎರಡು ಬೆರಳು ಇಡಿ. ಒಂದು ವಿಷಯ ಗೊತ್ತಿರಲಿ: ಆರಾಮಾಗಿರುವ ನಾಯಿಯ ಬಡಿತ ಉಸಿರು ಒಳಗೆಳೆದಾಗ ಸ್ವಲ್ಪ ಬೇಗ, ಬಿಟ್ಟಾಗ ನಿಧಾನ ಆಗುವುದು ಸಹಜ. ಅದನ್ನು ಕಾಯಿಲೆ ಅಂದುಕೊಳ್ಳಬೇಡಿ. ಬಡಿತ ತಾಳ ತಪ್ಪಿ ಎಲ್ಲೆಂದರಲ್ಲಿ ಹಾರುತ್ತಿದ್ದರೆ, ಅಥವಾ ಮಲಗಿದ್ದಾಗಲೂ ಓಡಿ ಬಂದ ಹಾಗೆ ಬಡಿಯುತ್ತಿದ್ದರೆ ತೋರಿಸಿ.

ಬೆಳಗಾಗಲಿ ಅಂತ ಕಾಯಬಾರದ ಹೊತ್ತು

ವಸಡು ಅಥವಾ ನಾಲಿಗೆ ನೀಲಿ, ಬೂದು, ಇಲ್ಲವೇ ಬಿಳಿಚಿಕೊಂಡಿದೆ. ಕುತ್ತಿಗೆ ಮುಂದೆ ಚಾಚಿ, ಮುಂಗಾಲಿನ ಮೊಣಕೈ ಅಗಲಿಸಿ ಉಸಿರು ಎಳೆಯುತ್ತಿದೆ. ಮಲಗಲು ಆಗುತ್ತಿಲ್ಲ. ಕುಸಿದು ಬಿದ್ದು ಏಳುತ್ತಿಲ್ಲ. ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಬರುತ್ತಿದೆ. ಇದರಲ್ಲಿ ಒಂದು ಇದ್ದರೂ ಈಗಲೇ ಹೊರಡಿ.

ನೀವು ಬರುತ್ತಿದ್ದೀರಿ ಅಂತ ದಾರಿಯಿಂದಲೇ ಆಸ್ಪತ್ರೆಗೆ ತಿಳಿಸಿ, ಆಕ್ಸಿಜನ್ ಇದೆಯಾ ಅಂತ ಕೇಳಿ. ನಾಯಿಯನ್ನು ಪಕ್ಕಕ್ಕೆ ಒರಗಿಸಿ ಮಲಗಿಸಬೇಡಿ, ಅದು ಹೇಗೆ ಕೂತರೆ ಉಸಿರಾಡಲು ಆಗುತ್ತದೋ ಹಾಗೇ ಬಿಡಿ. ಎದೆ ಹೊಟ್ಟೆ ಅವುಚಿ ಎತ್ತಬೇಡಿ. ಗಾಡಿ ತಂಪಾಗಿರಲಿ. ಬಾಯಿಗೆ ನೀರು ಹುಯ್ಯುವುದು, ಮಾತ್ರೆ ತುರುಕುವುದು ಮಾಡಬೇಡಿ, ಉಸಿರುಗಟ್ಟುತ್ತದೆ. ನಾಯಿಗೆ ಗಾಬರಿಯಾದಷ್ಟೂ ಆಕ್ಸಿಜನ್ ಜಾಸ್ತಿ ಬೇಕಾಗುತ್ತದೆ, ಹಾಗಾಗಿ ಕಾರಿನಲ್ಲಿ ಅಳುವುದು ಕೂಗುವುದು ಬೇಡ. ಕಷ್ಟ, ಗೊತ್ತು. ಆದರೂ ಮೆತ್ತಗೆ ಮಾತಾಡಿಸುತ್ತಾ ಹೋಗಿ.

ಹಂತ 3: ಡಾಕ್ಟರ ಹತ್ತಿರ ಏನೇನು ಪರೀಕ್ಷೆ

ಸ್ಟೆತಸ್ಕೋಪ್‌ನಲ್ಲಿ ಕೇಳಿದ ಮರ್ಮರ್‌ಗೆ 1ರಿಂದ 6ರವರೆಗೆ ದರ್ಜೆ ಕೊಡುತ್ತಾರೆ. 6 ಅಂದರೆ ಅತಿ ಜೋರು. ನಿಮ್ಮ ನಾಯಿಯದು ಎಷ್ಟು ಅಂತ ಕೇಳಿ ಬರೆದುಕೊಳ್ಳಿ, ಮುಂದಿನ ಸಲ ಹೋಲಿಸಲು ಬೇಕು. ಆದರೆ ಸದ್ದು ಕೇಳಿ ಮಾತ್ರೆ ಶುರು ಮಾಡುವುದು ಸರಿಯಲ್ಲ. ಹೃದಯ ಎಷ್ಟು ಹಿಗ್ಗಿದೆ ಅಂತ ನೋಡಬೇಕು.

ಎಕ್ಸ್‌ರೇಯಲ್ಲಿ ಹೃದಯದ ಗಾತ್ರವೂ ಕಾಣುತ್ತದೆ, ಶ್ವಾಸಕೋಶದಲ್ಲಿ ನೀರಿದೆಯಾ ಅನ್ನುವುದೂ ಕಾಣುತ್ತದೆ. ಹೃದಯದ ಉದ್ದ ಅಗಲವನ್ನು ಬೆನ್ನುಮೂಳೆಯ ಲೆಕ್ಕದಲ್ಲಿ ಅಳೆದು ಒಂದು ಅಂಕಿ ಕೊಡುತ್ತಾರೆ, ಅದನ್ನೂ ಬರೆದುಕೊಳ್ಳಿ. ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್. ಕವಾಟ ಎಷ್ಟು ಸೋರುತ್ತಿದೆ, ಯಾವ ಕೋಣೆ ಎಷ್ಟು ಹಿಗ್ಗಿದೆ, ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿದೆಯಾ ಅನ್ನುವುದು ಇದರಲ್ಲೇ ಸರಿಯಾಗಿ ತಿಳಿಯುವುದು. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಒಂದೇ ಪರೀಕ್ಷೆಗೆ ಹಣ ಹೊಂದಿಸಲು ಆಗುವುದು ಅಂದರೆ, ಉಸಿರಾಟ ಕೆಟ್ಟಿದ್ದಾಗ ಮೊದಲು ಎಕ್ಸ್‌ರೇ, ನಾಯಿ ಆರಾಮಾಗಿದ್ದು ಮರ್ಮರ್ ಮಾತ್ರ ಇದ್ದರೆ ಎಕೋ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಡಾಕ್ಟರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ.

ಬಡಿತದ ಲಯ ತಪ್ಪಿದ್ದರೆ, ಮೂರ್ಛೆ ಹೋಗಿದ್ದರೆ ಇಸಿಜಿ ಬೇಕು. ಇಸಿಜಿ ಕೆಲವೇ ನಿಮಿಷದ್ದು, ಆ ಹೊತ್ತಿಗೆ ತೊಂದರೆ ಕಾಣದೆಯೂ ಇರಬಹುದು. ಅದಕ್ಕೆ 24 ಗಂಟೆ ಮೈಗೆ ಕಟ್ಟಿ ಬಡಿತ ದಾಖಲಿಸುವ ಹೋಲ್ಟರ್ ಅನ್ನುವ ಯಂತ್ರ ಇದೆ. ಡೋಬರ್‌ಮನ್, ಬಾಕ್ಸರ್ ಇರುವವರು ಇದರ ಬಗ್ಗೆ ಕೇಳಲೇಬೇಕು. ಮೂತ್ರಪಿಂಡದ ರಕ್ತ ಪರೀಕ್ಷೆ, ಬಿಪಿ ಎರಡನ್ನೂ ಮಾತ್ರೆ ಶುರುವಾಗುವ ಮೊದಲೇ ಮಾಡಿಸಿ. ಸೊಳ್ಳೆಯಿಂದ ಹರಡುವ ಹೃದಯಹುಳು ಇರುವ ಕಡೆ ಆ ಪರೀಕ್ಷೆಯೂ ಆಗಬೇಕು. ಅದರ ಚಿಕಿತ್ಸೆ ಪೂರ್ತಿ ಬೇರೆ.

ಹಂತ 4: ಕಾಯಿಲೆ ಯಾವ ಹಂತದಲ್ಲಿದೆ ಅಂತ ಕೇಳಿ

ಪಶುವೈದ್ಯರು ಕಾಯಿಲೆಯನ್ನು ಎ, ಬಿ, ಸಿ, ಡಿ ಅಂತ ಹಂತ ಮಾಡುತ್ತಾರೆ. ಎ ಅಂದರೆ ತಳಿಯ ಕಾರಣಕ್ಕೆ ಅಪಾಯ ಇದೆ, ಕಾಯಿಲೆ ಇಲ್ಲ. ಬಿ1 ಅಂದರೆ ಮರ್ಮರ್ ಇದೆ, ಹೃದಯ ಹೇಳಿಕೊಳ್ಳುವಷ್ಟು ಹಿಗ್ಗಿಲ್ಲ. ಇದಕ್ಕೆ ಮಾತ್ರೆ ಬೇಡ, 6 ತಿಂಗಳಿಂದ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಬಿ2 ಅಂದರೆ ಹೊರಗೆ ಲಕ್ಷಣ ಇಲ್ಲದಿದ್ದರೂ ಹೃದಯ ಹಿಗ್ಗಿದೆ. ಸಿ ಅಂದರೆ ಹಾರ್ಟ್ ಫೇಲ್ಯೂರ್ ಒಮ್ಮೆಯಾದರೂ ಆಗಿದೆ. ಡಿ ಅಂದರೆ ಮಾಮೂಲಿ ಔಷಧಿಗೆ ಬಗ್ಗುತ್ತಿಲ್ಲ.

ಇದರಲ್ಲಿ ಬಿ1 ಮತ್ತು ಬಿ2 ನಡುವಿನ ಗೆರೆ ಎಲ್ಲಕ್ಕಿಂತ ಮುಖ್ಯ. 2016ರಲ್ಲಿ ಪ್ರಕಟವಾದ ಎಪಿಕ್ ಅನ್ನುವ ದೊಡ್ಡ ಅಧ್ಯಯನದಲ್ಲಿ, ಬಿ2 ಹಂತದ ನಾಯಿಗಳಿಗೆ ಪಿಮೊಬೆಂಡಾನ್ ಮಾತ್ರೆ ಕೊಟ್ಟಾಗ ಹಾರ್ಟ್ ಫೇಲ್ಯೂರ್ ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಯಿತು. ನಾಯಿಯ ಆಯುಷ್ಯದಲ್ಲಿ 15 ತಿಂಗಳು ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ಅದಕ್ಕೇ 'ಲಕ್ಷಣ ಬಂದ ಮೇಲೆ ನೋಡೋಣ' ಅನ್ನಬೇಡಿ.

ಹಂತ 5: ಮಾತ್ರೆ ಕೊಡುವುದು

ಪಿಮೊಬೆಂಡಾನ್ ಹೃದಯ ಒತ್ತುವ ಶಕ್ತಿ ಹೆಚ್ಚಿಸಿ, ರಕ್ತನಾಳ ಸಡಿಲಿಸುತ್ತದೆ. ದಿನಕ್ಕೆ ಎರಡು ಸಲ, ಹೆಚ್ಚುಕಡಿಮೆ 12 ಗಂಟೆ ಅಂತರದಲ್ಲಿ, ಸಾಧ್ಯವಾದರೆ ಊಟಕ್ಕೆ ಒಂದು ಗಂಟೆ ಮೊದಲು ಕೊಡಿ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಫ್ಯೂರೊಸೆಮೈಡ್ ಬರುತ್ತದೆ, ನೀರು ಇಳಿಸುವ ಮಾತ್ರೆ. ಜೊತೆಗೆ ಹೃದಯದ ಹೊರೆ ಇಳಿಸುವ ಬೆನಾಜೆಪ್ರಿಲ್ ಅಥವಾ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ಸೇರಿಸಬಹುದು. ಪ್ರಮಾಣ ಡಾಕ್ಟರು ಹೇಳಿದಷ್ಟೇ. ಇನ್ನೊಬ್ಬರ ನಾಯಿಯ ಚೀಟಿ ನೋಡಿ ಕೊಡಬೇಡಿ.

ಫ್ಯೂರೊಸೆಮೈಡ್ ಶುರುವಾದರೆ ನಾಯಿ ವಿಪರೀತ ನೀರು ಕುಡಿಯುತ್ತದೆ, ವಿಪರೀತ ಒಂದಕ್ಕೆ ಹೋಗುತ್ತದೆ. ಇಷ್ಟು ವರ್ಷ ಮನೆಯೊಳಗೆ ಗಲೀಜು ಮಾಡದ ನಾಯಿ ಹಾಸಿಗೆಯಲ್ಲೇ ಮಾಡಿಕೊಳ್ಳಬಹುದು. ಬೈಯಬೇಡಿ. ಅದಕ್ಕಿಂತ ಮುಖ್ಯ, ನೀರಿನ ಬಟ್ಟಲು ಎತ್ತಿಡಬೇಡಿ. 'ನೀರು ಕಡಿಮೆ ಕೊಟ್ಟರೆ ಶ್ವಾಸಕೋಶಕ್ಕೆ ನೀರು ಕಡಿಮೆ' ಅನ್ನುವ ಲೆಕ್ಕ ತಪ್ಪು, ಮೂತ್ರಪಿಂಡ ಹಾಳಾಗುತ್ತದೆ. ರಾತ್ರಿ ಇನ್ನೊಮ್ಮೆ ಹೊರಗೆ ಕರೆದುಕೊಂಡು ಹೋಗಿ, ಅಷ್ಟೇ. ಮಾತ್ರೆ ಶುರುವಾಗಿ ಅಥವಾ ಹೆಚ್ಚಿಸಿ ಒಂದೆರಡು ವಾರದೊಳಗೆ ಮೂತ್ರಪಿಂಡದ್ದೂ ಪೊಟ್ಯಾಸಿಯಂನದ್ದೂ ರಕ್ತ ಪರೀಕ್ಷೆ ಮತ್ತೆ ಮಾಡಿಸಬೇಕು.

ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಸಲ ಎರಡು ಕೊಡಬೇಡಿ. ಚೆನ್ನಾಗಿದೆ ಅಂತ ನಿಲ್ಲಿಸಬೇಡಿ, ಚೆನ್ನಾಗಿರುವುದು ಮಾತ್ರೆಯಿಂದಲೇ. ಸ್ಟಾಕ್ ಮುಗಿಯುವ ಒಂದು ವಾರ ಮೊದಲೇ ತನ್ನಿ. ರಾತ್ರಿ ಉಸಿರು ಏರಿದರೆ ಫ್ಯೂರೊಸೆಮೈಡ್ ಹೆಚ್ಚುವರಿ ಕೊಡಬಹುದಾ, ಎಷ್ಟು, ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ನಡುರಾತ್ರಿ ಇದನ್ನು ಯೋಚಿಸುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.

ಮನುಷ್ಯರ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಕೊಡಲೇಬಾರದು. ಸಂಧಿ ನೋವಿಗೆ ಬೇರೆ ಡಾಕ್ಟರು ಔಷಧಿ ಬರೆದರೆ, ಸ್ಟೀರಾಯ್ಡ್ ಅಥವಾ ಡ್ರಿಪ್ ಹಾಕಲು ಹೊರಟರೆ, ಹೃದಯದ ಕಾಯಿಲೆ ಇದೆ ಅಂತ ಬಾಯಿ ಬಿಟ್ಟು ಹೇಳಿ. ಡ್ರಿಪ್‌ನಿಂದ ಶ್ವಾಸಕೋಶ ಮತ್ತೆ ತುಂಬಿಕೊಳ್ಳಬಹುದು.

ಊಟ, ಓಡಾಟ

ಉಪ್ಪು ಕಡಿಮೆ ಮಾಡಿ, ಅದರಲ್ಲೂ ಸಿ ಹಂತ ತಲುಪಿದ ಮೇಲೆ. ಆದರೆ ಊಟ ರುಚಿಯಿಲ್ಲದೆ ನಾಯಿ ತಿನ್ನುವುದನ್ನೇ ಬಿಟ್ಟರೆ ಅದರಿಂದ ಆಗುವ ನಷ್ಟ ಉಪ್ಪಿಗಿಂತ ದೊಡ್ಡದು. ಹಾರ್ಟ್ ಫೇಲ್ಯೂರ್ ಇರುವ ನಾಯಿಗಳು ಬೆನ್ನಿನ, ತಲೆಯ ಮೇಲಿನ ಮಾಂಸ ಕಳೆದುಕೊಳ್ಳುತ್ತವೆ. ಹಾಗಾಗಿ ಪ್ರೋಟೀನ್ ಕಡಿಮೆ ಮಾಡಬೇಡಿ, ಮೂತ್ರಪಿಂಡಕ್ಕಾಗಿ ಡಾಕ್ಟರು ಹೇಳಿದ್ದರೆ ಮಾತ್ರ ಬೇರೆ. ಉಪ್ಪು ಹೆಚ್ಚಾಗಿ ಒಳಗೆ ಹೋಗುವ ದಾರಿ ಯಾವುದು ಗೊತ್ತಾ? ಮಾತ್ರೆ ಅಡಗಿಸಲು ಕೊಡುವ ಚೀಸ್, ಬ್ರೆಡ್, ಉಪ್ಪು ಹಾಕಿದ ಮಾಂಸದ ತುಂಡು. ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಚೂರು ಬಳಸಿ. ಧಾನ್ಯವಿಲ್ಲದ, ಬಟಾಣಿ ಬೇಳೆಗಳೇ ತುಂಬಿರುವ ನಾಯಿ ಆಹಾರಕ್ಕೂ ಹೃದಯ ಸ್ನಾಯುವಿನ ಕಾಯಿಲೆಗೂ ನಂಟಿರಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ, ಆದರೂ ಏನು ತಿನ್ನಿಸುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ನಡಿಗೆ ನಿಲ್ಲಿಸಬೇಡಿ. ಕುತ್ತಿಗೆಯ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಬಳಸಿ, ತಂಪು ಹೊತ್ತಿನಲ್ಲಿ, ನಾಯಿಯ ವೇಗದಲ್ಲಿ ಹೋಗಿ. ಅದು ನಿಂತರೆ ನೀವೂ ನಿಲ್ಲಿ. ಚೆಂಡು ಎಸೆದು ಓಡಿಸುವುದು ಬೇಡ. ಈಗಷ್ಟೇ ಆಸ್ಪತ್ರೆಯಿಂದ ಬಂದಿದ್ದರೆ ಉಸಿರು ಸ್ಥಿರವಾಗುವವರೆಗೆ ಒಂದಕ್ಕೆ ಎರಡಕ್ಕೆ ಹೋಗಿ ಬರುವುದು ಮಾತ್ರ.

ಮುಂದೆ

ಕವಾಟದ ಕಾಯಿಲೆಯಿಂದ ಹಾರ್ಟ್ ಫೇಲ್ಯೂರ್ ಆದ ಮೇಲೆ ಚಿಕಿತ್ಸೆ ಪಡೆಯುವ ಬಹಳ ನಾಯಿಗಳು ಹೆಚ್ಚುಕಡಿಮೆ ಒಂದು ವರ್ಷ ಬದುಕುತ್ತವೆ, ಕೆಲವು ಇನ್ನೂ ಜಾಸ್ತಿ, ಕೆಲವು ಕಡಿಮೆ. ಡೋಬರ್‌ಮನ್‌ಗಳ ಸ್ನಾಯುವಿನ ಕಾಯಿಲೆಯಲ್ಲಿ ಸಮಯ ಇದಕ್ಕಿಂತ ಕಡಿಮೆ, ಇದ್ದಕ್ಕಿದ್ದಂತೆ ಹೋಗುವುದೂ ಉಂಟು. ಈ ಮಾತು ಮನೆಯವರೆಲ್ಲ ಕೂತು ಮೊದಲೇ ಆಡಿಕೊಳ್ಳಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಯಾರು ಕರೆದುಕೊಂಡು ಹೋಗುತ್ತಾರೆ, ಎಲ್ಲಿಯವರೆಗೆ ಚಿಕಿತ್ಸೆ, ಯಾವಾಗ ಸಾಕು. ಶ್ವಾಸಕೋಶದಲ್ಲಿ ನೀರು ತುಂಬಿ ಹೋಗುವ ಸಾವು ಮುಳುಗಿದ ಹಾಗೆ ಇರುತ್ತದೆ. ಅದಕ್ಕೆ ಬಿಡುವ ಬದಲು ಡಾಕ್ಟರ ಕೈಯಲ್ಲಿ ನೋವಿಲ್ಲದೆ ಕಳಿಸಿಕೊಡುವುದು ತಪ್ಪಲ್ಲ ಅಂತ ನಾನು ನಂಬಿದ್ದೇನೆ.

ಪಿಂಕಿ ಮಾತ್ರೆ ಶುರುವಾದ ಮೇಲೆ ಒಂದು ವರ್ಷ ನಾಲ್ಕು ತಿಂಗಳು ಇದ್ದಳು. ಅವಳ ಪುಸ್ತಕದಲ್ಲಿ ಪುಟಗಟ್ಟಲೆ 20, 22, 19 ಅಂತಲೇ ಇದೆ. ಕೊನೆಯ ಪುಟದಲ್ಲಿ ಮಾತ್ರೆ ಹೆಚ್ಚಿಸಿದರೂ 38, 41, 40. ಆ ಪುಟ ಡಾಕ್ಟರಿಗೆ ತೋರಿಸಿದೆವು. ಅವರು ಬಹಳ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಅವತ್ತು ಸಂಜೆ ಅವಳು ನನ್ನ ತೊಡೆಯ ಮೇಲೆಯೇ ಮಲಗಿದ್ದಳು.